ಶಾಲೆ ಡೇಟು

ಶಾಲು ಹೊದಿಸುತ್ತಾ ಕನ್ನಡ ಕೂಟದ ಹಿರಿಯರಾದ ಡಾಕ್ಟರ್ ಶಿವಾನಂದರು ಧೀರಜನ ಕಿವಿಗೆ ಬಾಗಿ, "ಅಲ್ವೋ ಮರಿ, ಈ ಬೇಸ್‌ಬಾಲು ಅಂದ್ರೆ ನಮ್ಮ ಚಿನ್ನಿದಾಂಡೇ ತಾನೆ?" ಎಂದು ಕೇಳಿದರು. ಗುಟ್ಟಾಗಿಯೇ ಕೇಳಿದ್ದು, ಆದರೆ ಮೈಕು ಅವರ ಅಂಗಿಗೇ ಸಿಕ್ಕಿಸಿತ್ತು. ಇಡೀ ಸಭೆ ಗೊಳ್ಳೆಂದು ನಕ್ಕಿತು. ಧೀರಜನ ತಲೆಯ ಮೇಲಿದ್ದ ಮೈಸೂರು ಪೇಟ ಹುಬ್ಬಿನವರೆಗೂ ಜಾರಿತು. ಅದನ್ನು ಹಿಂದಕ್ಕೆ ತಳ್ಳಿಕೊಂಡು ಅವನು ಹಲ್ಲು ಕಿರಿದು ನಿಂತ. ಫೋಟೋ ತೆಗೆಯುವವರೆಗೆ ಕಿರಿಯಲೇಬೇಕಲ್ಲ.

ಎರಡು ಸಾವಿರದ ಮೂರನೇ ಇಸವಿಯ ಯುಗಾದಿ ಅದು. ಏಪ್ರಿಲ್‌ನಲ್ಲಿ ಟೊರಾಂಟೊ ತುಂಬ ಸಾರ್ಸ್ ಜ್ವರದ ಭಯವಿದ್ದದ್ದರಿಂದ ಕನ್ನಡ ಕೂಟದವರು ಹಬ್ಬವನ್ನು ಮೇ ತಿಂಗಳಿಗೆ ತಳ್ಳಿದ್ದರು. ಬಾಡಿಗೆಗೆ ಹಿಡಿದ ಹೈಸ್ಕೂಲಿನ ಬಾಗಿಲಲ್ಲಿ ಬೇವುಬೆಲ್ಲದ ಬಟ್ಟಲಿನ ಪಕ್ಕ ಕೈಗೆ ಹಚ್ಚಿಕೊಳ್ಳುವ ಜೆಲ್ಲಿನ ಬಾಟಲಿಯೂ ಇತ್ತು. ಒಳಗೆ ಬಂದವರೆಲ್ಲ ಮೊದಲು ಜೆಲ್ಲು, ಆಮೇಲೆ ಬೇವು.

ಶಾಲು ಹೊದಿಸಿದ ಈ ಕೈಗಳು ಧೀರಜನಿಗೆ ಹೊಸವಲ್ಲ. ಮೂರು ವರ್ಷದ ಹಿಂದೆ ಇದೇ ಜನ ಅವನಪ್ಪನನ್ನು ನಿಲ್ಲಿಸಿಕೊಂಡು, "ಏನ್ರೀ ವೇಣುಗೋಪಾಲ್, ಮಗ ದೊಣ್ಣೆ ಹಿಡ್ಕೊಂಡು ತಿರುಗ್ತಿದಾನಂತೆ? ಕ್ರಿಕೆಟ್ಟಾದ್ರೂ ಆಡಬಾರದಾ?" ಎಂದು ಕೇಳಿದ್ದರು. ಆಮೇಲೆ ಟೊರಾಂಟೊದ ಪೇಪರಿನಲ್ಲಿ ಹುಡುಗನ ಫೋಟೋ ಬಂತು. ಅಮೆರಿಕದ ಕಾಲೇಜೊಂದರಿಂದ ಕಾಗದ ಬಂತು. ಗಂಟೆಗೆ ಎಂಬತ್ತೆಂಟು ಮೈಲಿ ವೇಗದಲ್ಲಿ ಚೆಂಡು ಎಸೆಯುತ್ತಾನೆ, ಎಸೆಯುವವನನ್ನು ಪಿಚರ್ ಅನ್ನುತ್ತಾರೆ, ಪಿಚರುಗಳನ್ನು ದುಡ್ಡು ಕೊಟ್ಟು ಆಡಿಸುವ ಮೇಜರ್ ಲೀಗಿನವರು ಕಣ್ಣಿಟ್ಟು ಕಾಯುತ್ತಾರೆ ಎಂಬುದೆಲ್ಲ ಕೂಟದವರಿಗೆ ಒಂದೇ ವಾರದಲ್ಲಿ ಗೊತ್ತಾಗಿಬಿಟ್ಟಿತು. ದೊಣ್ಣೆ ಹಿಡಿದವನು ರಾತ್ರಿ ಕಳೆಯುವುದರೊಳಗೆ 'ನಮ್ಮ ಹುಡುಗ' ಆದ.

ಓದು ಬಿಟ್ಟವನಲ್ಲ ಅವನು. ಬೀದಿಯ ಹುಡುಗರ ಹಾಗೆ ಚೆಂಡಿನ ಹಿಂದೆ ಬಿದ್ದವನಲ್ಲ ಎಂದು ಅಪ್ಪ ಎಲ್ಲರಿಗೂ ಫೋನು ಮಾಡಿ ಹೇಳುತ್ತಿದ್ದದ್ದು ಸುಳ್ಳೇನಲ್ಲ. ಥಾರ್ನ್‌ಕ್ಲಿಫ್ ಪಾರ್ಕ್ ಬಡಾವಣೆಯಲ್ಲಿ ಮನೆಯಿದ್ದ ಹದಿನೇಳು ಮಹಡಿಯ ಕಟ್ಟಡದಿಂದ ಪಕ್ಕದೂರು ವಾನ್‌ನ ಹಳೇ ಗೋದಾಮಿಗೆ ಎರಡು ಬಸ್ಸು, ಒಂದು ಸಬ್‌ವೇ. ಆ ಗೋದಾಮಿನೊಳಗೆ ಬಲೆ ಕಟ್ಟಿ ಚಳಿಗಾಲವಿಡೀ ಪ್ರಾಕ್ಟೀಸು. ಹೋಗುವಾಗ ಫಿಸಿಕ್ಸು, ಬರುವಾಗ ಕ್ಯಾಲ್ಕುಲಸ್ಸು. ಬಸ್ಸು ಕುಲುಕಿದಾಗೆಲ್ಲ ಗ್ರಾಫಿನ ಗೆರೆ ಹಳಿ ತಪ್ಪುತ್ತಿತ್ತು, ಅವನು ಅಳಿಸಿ ಮತ್ತೆ ಎಳೆಯುತ್ತಿದ್ದ. ಮಾರ್ಚಿನಲ್ಲಿ ಕೋಚ್ ಹತ್ತು ದಿನ ಫ್ಲಾರಿಡಾಕ್ಕೆ ಬಾ ಎಂದಾಗ, ಪರೀಕ್ಷೆಯಿದೆ, ಬರೋದಿಲ್ಲ ಎಂದಿದ್ದ. ಕೋಚ್ ಎರಡು ವಾರ ಮಾತು ಬಿಟ್ಟಿದ್ದ. ಅಮೆರಿಕದ ಕಾಲೇಜಿನ ಕಾಗದದಲ್ಲಿ ಎಂಜಿನಿಯರಿಂಗೂ ಇತ್ತು, ಬೇಸ್‌ಬಾಲೂ ಇತ್ತು. ಎರಡೂ ಒಂದೇ ಹಾಳೆಯಲ್ಲಿ ಬರೆದು ಕಳಿಸಿದವರು ಅವರೊಬ್ಬರೇ. ಆ ಕಾಗದವನ್ನು ಅವನು ಓದಿ ಓದಿ ಮಡಿಕೆಗಳು ಹರಿಯತೊಡಗಿದ್ದವು.

ಮುಂದಿನ ಶನಿವಾರ ಪ್ರಾಂತ್ಯದ ಹದಿನೆಂಟರೊಳಗಿನವರ ತಂಡಕ್ಕೆ ಆಯ್ಕೆ. ಆ ತಂಡಕ್ಕೆ ಸೇರಿದರೆ ಕಾಲೇಜಿನ ಸೀಟು ಖಾಯಂ. ಅದೃಷ್ಟವಿದ್ದರೆ ಜೂನ್ ಮೊದಲ ವಾರ ಮೇಜರ್ ಲೀಗಿನ ತಂಡಗಳು ಹೊಸ ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟಿನಲ್ಲೂ ಹೆಸರು. ಹದಿನೇಳಕ್ಕೇ ಎಂಬತ್ತೆಂಟು ಮೈಲಿ! ಮುಂದಿನ ತಿಂಗಳು ಒಂದನೇ ತಾರೀಖಿಗೆ ಅವನಿಗೆ ಹದಿನೆಂಟು ತುಂಬುತ್ತದೆ. ಈ ವರ್ಷ ಹದಿನೆಂಟು ತುಂಬುವವರಿಗೂ ಆ ತಂಡದಲ್ಲಿ ಜಾಗವಿದೆ.

ಬಿಸಿಬೇಳೆ ಬಾತಿನ ಸಾಲಿನಲ್ಲಿ ನಿಂತಾಗ ಪದ್ಮಾ ಆಂಟಿ ಹಿಂದಿನಿಂದ ಬಂದು ಅವನ ಭುಜ ಹಿಡಿದು ತಿರುಗಿಸಿದರು. ಪದ್ಮಾ, ಅವರ ಗಂಡ ಉಮಾಶಂಕರ, ಧೀರಜನ ಅಪ್ಪ-ಅಮ್ಮ, ಎಲ್ಲರೂ ದಾವಣಗೆರೆಯ ಒಂದೇ ಓಣಿಯವರು. ಉಮಾಶಂಕರ ಸಾಫ್ಟ್‌ವೇರಿನವರು, ಸ್ಟೌಫ್‌ವಿಲ್‌ನಲ್ಲಿ ಹೊಸ ಮನೆ ಕೊಂಡಿದ್ದಾರೆ.

"ಎಷ್ಟು ಎತ್ತರ ಆಗಿದಾನೆ ನೋಡ್ರೀ! ಇವನೂ ನಮ್ಮ ಗಿರೀಶನೂ ಒಂದೇ ತೊಟ್ಟಿಲಾಗೆ ಮಲಗಿದೋರು. ನಮ್ಮವನಿಗಿಂತ ಎರಡು ತಿಂಗಳಿಗೆ ದೊಡ್ಡೋನು ಇವನು."

"No aunty," ಧೀರಜ್ ನಕ್ಕ. "ಗಿರೀಶನಿಗೆ ಹತ್ತೊಂಬತ್ತು ಆಯ್ತಲ್ಲ. I'm seventeen. ಜೂನ್ ಒಂದಕ್ಕೆ eighteen."

"ಹದಿನೇಳಾ? ಯಾರಿಗೆ ಹೇಳ್ತೀಯೋ? ನಿನ್ನ ತೊಟ್ಟಿಲಿಗೆ ಹಾಕಿದಾಗ ನಾನು ಏಳು ತಿಂಗಳ ಬಸುರಿ. ಎಂಬತ್ತನಾಕನೇ ಇಸವಿ, ರಥಸಪ್ತಮಿ ದಿನ ಹುಟ್ಟಿದೋನು ನೀನು." ಆಮೇಲೆ ಏನೋ ಹೊಳೆದು ಹಣೆ ಬಡಿದುಕೊಂಡರು. "ಓ, ಜೂನ್ ಒಂದು! ಅದು ಶಾಲೆ ಡೇಟು ಕಣೋ!"

"What's ಶಾಲೆ ಡೇಟು?"

ಸಾಲಿನಲ್ಲಿ ನಿಂತಿದ್ದವರೆಲ್ಲ ನಕ್ಕರು. ತಟ್ಟೆ ಹಿಡಿದಿದ್ದ ಉಮಾಶಂಕರ, "ಅಯ್ಯೋ, ಇವನಿಗೆ ಶಾಲೆ ಡೇಟು ಗೊತ್ತಿಲ್ವಂತೆ! ನಂದೂ ಜೂನ್ ಒಂದೇ ಮಾರಾಯ," ಎಂದರು. ಅವರ ಹಿಂದಿದ್ದವರು, "ನಂದೂ," ಎಂದರು. ಡಾಕ್ಟರ್ ಶಿವಾನಂದರು ಉಪ್ಪಿನಕಾಯಿ ಬಡಿಸಿಕೊಳ್ಳುತ್ತಾ, "ನಂದು ಮೇ ಮೂವತ್ತೊಂದು. ನಮ್ಮ ಹೆಡ್‌ಮಾಸ್ತರು ಎಲ್ಲರಿಗಿಂತ ಒಂದಿನ ಮುಂದೆ ಇರೋರು," ಎಂದು ಕಣ್ಣು ಮಿಟುಕಿಸಿದರು. ಯಾರೋ, "ಜೂನ್ ಒಂದರವರೆಲ್ಲ ಕೈ ಎತ್ರಪ್ಪಾ!" ಎಂದು ಕೂಗಿದರು. ಹನ್ನೊಂದು ಕೈಗಳು ಮೇಲೆದ್ದವು, ಕೆಲವುಗಳಲ್ಲಿ ಚಮಚವಿತ್ತು. ಒಂದು ಕೈ ಅವನಪ್ಪನದು.

ಉಮಾಶಂಕರರೇ ಬಿಡಿಸಿ ಹೇಳಿದರು. ಹೇಳುವಾಗ ಅವರ ದನಿಯಲ್ಲಿ ಅಳುಕಿರಲಿಲ್ಲ, ಊರಿನ ತಿಂಡಿಯೊಂದನ್ನು ಮಾಡುವ ಬಗೆ ಹೇಳಿಕೊಟ್ಟ ಹಾಗಿತ್ತು. ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ತರರು ಹುಟ್ಟಿದ ತಾರೀಖು ಕೇಳುತ್ತಾರೆ. ಶಾಲೆ ಶುರುವಾಗುವುದು ಜೂನ್ ಒಂದಕ್ಕೆ. ಅವರೇ ಲೆಕ್ಕ ಹಾಕಿ ಜೂನ್ ಒಂದು ಬರೆಯುತ್ತಾರೆ, ವರ್ಷ ಒಂದೋ ಎರಡೋ ಇಳಿಸುತ್ತಾರೆ. ಹುಡುಗ ಮುಂದೆ ಸರ್ಕಾರಿ ಕೆಲಸಕ್ಕೆ ಸೇರಿದರೆ ರಿಟೈರ್ ಆಗುವುದು ಅಷ್ಟು ವರ್ಷ ತಡ.

"ನಮ್ಮೋರು ಗಿರೀಶಂದು ಇದ್ದದ್ದು ಇದ್ದ ಹಾಗೇ ಬರೆಸಿದ್ರು, ಪೆದ್ದರು," ಎಂದರು ಪದ್ಮಾ. ನಗುತ್ತಲೇ ಅಂದರು, ಆದರೆ ಮಾತಿನ ಒಳಗೆ ಮುಳ್ಳಿತ್ತು. "ಈಗ ನೋಡು. ಈ ಸರ್ಕಾರದೋರು ಹದಿಮೂರನೇ ಕ್ಲಾಸು ತೆಗೆದು ಎರಡೂ ಬ್ಯಾಚು ಒಟ್ಟಿಗೇ ಹೊರಗೆ ಬಿಡ್ತಿದಾರೆ. ನಮ್ಮವನು ಒಂದು ವರ್ಷ ಹೆಚ್ಚಿಗೆ ಓದಿ ನಿನ್ನ ಜೊತೇನೇ ಸೀಟಿಗೆ ಲೈನು ನಿಂತಿದಾನೆ. ನೀನು ಹದಿನೇಳರ ಬುದ್ಧಿವಂತ, ಅವನು ಹತ್ತೊಂಬತ್ತರ ದಡ್ಡ!"

ಧೀರಜನ ತಟ್ಟೆಗೆ ಯಾರೋ ಬಾತು ಬಡಿಸಿದರು. ತುಪ್ಪದ ವಾಸನೆ ಮೂಗಿಗೆ ಹೊಡೆಯಿತು. ಪೇಟ ತೆಗೆದು, ತಟ್ಟೆಯನ್ನು ಮೇಜಿನ ಮೇಲಿಟ್ಟು, ಅವನು ಹೊರಗೆ ಹೋದ.

ಕಾರಿನಲ್ಲಿ ಅಮ್ಮ ಚಿತ್ರಾ ಹಿಂದಿನ ಸೀಟಿನಲ್ಲಿ ಪೇಟವನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದಳು. ಅಪ್ಪ ವೇಣುಗೋಪಾಲ ಎರಡು ಸಿಗ್ನಲ್ ದಾಟುವವರೆಗೂ ಏನೂ ಆಗಿಲ್ಲವೆಂಬಂತೆ ಗಾಡಿ ಓಡಿಸಿದರು.

"ನಿಜಾನಾ?" ಧೀರಜ್ ಕೇಳಿದ.

"ಏನು ನಿಜಾನಾ? ಎಲ್ಲರೂ ಮಾಡೋದೇ ಅದು. ಹೆಡ್‌ಮಾಸ್ತರು ನಿಜಲಿಂಗಪ್ಪನೋರು ಕೇಳಿದ್ರು, ಒಂದು ವರ್ಷ ಇಳಿಸ್ಲೇನ್ರೀ ಅಂತ. ಇಳಿಸಿ ಸರ್ ಅಂದೆ. ಯಾರಿಗೋಸ್ಕರ ಅಂದೆ? ನಿನಗೋಸ್ಕರ. ಸರ್ವಿಸು ಹೆಚ್ಚಿಗೆ ಸಿಗಲಿ ಅಂತ."

"What service? ನನಗೆ ಆಗ ಐದು ವರ್ಷ ಅಪ್ಪಾ!"

"ಆರು," ಎಂದರು ವೇಣುಗೋಪಾಲ. ಅಂದಮೇಲೆ ನಾಲಿಗೆ ಕಚ್ಚಿಕೊಂಡರು.

"ನಾನು ಹದಿನೆಂಟರೊಳಗಿನವರ ಜೊತೆ ಆಡ್ತಿದೀನಿ. ಎಂಬತ್ತೈದರಲ್ಲಿ ಅಥವಾ ಆಮೇಲೆ ಹುಟ್ಟಿದೋರಿಗೆ ಮಾತ್ರ ಅದು. ನಾನು ಎಂಬತ್ತನಾಕು. That's cheating."

"ಚೀಟಿಂಗ್ ಗೀಟಿಂಗ್ ಅಂತ ದೊಡ್ಡ ಮಾತು ಬೇಡ. ಪಾಸ್‌ಪೋರ್ಟಲ್ಲಿ ಏನಿದೆ? ಸಿಟಿಜನ್‌ಶಿಪ್ ಕಾರ್ಡಲ್ಲಿ ಏನಿದೆ? ಶಾಲೆ ಡೇಟೇ ನಿಜವಾದ ಡೇಟು. ಮನೇಲಿ ಹುಟ್ಟಿದ್ದಕ್ಕೆ ಯಾವನು ಸರ್ಟಿಫಿಕೇಟು ಕೊಟ್ಟಿದಾನೆ?"

ಈ ಮಾತು ಆಡಿದ ಮನುಷ್ಯ ವಾನ್‌ನ ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರು. ಊರಲ್ಲಿ ಎಂಜಿನಿಯರಾಗಿದ್ದವನು ಇಲ್ಲಿ ಗೇಜು ಹಿಡಿದು ಲೋಹದ ತುಂಡುಗಳನ್ನು ಅಳೆಯುತ್ತಾನೆ. ಕೂದಲೆಳೆಯಷ್ಟು ಹೆಚ್ಚುಕಮ್ಮಿ ಕಂಡರೂ ಕೆಂಪು ಡಬ್ಬಿಗೆ ಎಸೆಯುತ್ತಾನೆ. ಸಂಜೆ ಮನೆಗೆ ಬಂದು, 'ಇವತ್ತು ಮ್ಯಾನೇಜರ್ ಪಾಸ್ ಮಾಡು ಅಂದ, ಆಗಲ್ಲ ಅಂದೆ' ಎಂದು ಎದೆಯುಬ್ಬಿಸಿ ಹೇಳುತ್ತಾನೆ. ಆ ಹೆಮ್ಮೆಯನ್ನು ಅನ್ನದ ಜೊತೆ ಕಲಸಿಕೊಂಡು ಬೆಳೆದವನು ಧೀರಜ್. ಈಗ ಪಕ್ಕದಲ್ಲಿ ಕೂತ ಅಪ್ಪನ ಕೈ ಗೇರಿನ ಕಡೆ ಬಂದಾಗ ಅವನು ಮೊಣಕಾಲನ್ನು ಬಾಗಿಲ ಕಡೆ ಸರಿಸಿಕೊಂಡ. ಹೇಸಿಗೆಯಾಯಿತು. ಅಪ್ಪನನ್ನು ಕಂಡು ಹೇಸಿಗೆಯಾಗುತ್ತಿದೆಯಲ್ಲ ಎಂದು ಇನ್ನಷ್ಟು ಹೇಸಿಗೆಯಾಯಿತು.

ಮನೆಯಲ್ಲಿ ಗೋಡೆಯ ಮೇಲೆ ಅವನ ರಿಪೋರ್ಟ್ ಕಾರ್ಡುಗಳನ್ನು ಅಪ್ಪ ಪ್ಲಾಸ್ಟಿಕ್ ಹಾಕಿಸಿ ತೂಗುಹಾಕಿದ್ದರು. ಪ್ರತಿಯೊಂದರ ತಲೆಯ ಮೇಲೂ ಅದೇ ಸಾಲು, ಜೂನ್ ಒಂದು, ಸಾವಿರದ ಒಂಬೈನೂರ ಎಂಬತ್ತೈದು. ಓದು, ಓದು, ಓದೊಂದೇ ನಮ್ಮಂಥವರನ್ನು ಮೇಲೆತ್ತೋದು ಎಂದು ತಲೆಯ ಮೇಲೆ ಹೊಡೆದು ಹೇಳಿದ ಮನೆ ಇದು. ಆ ಓದಿನ ಮೊದಲ ದಿನ, ಮೊದಲ ಪುಸ್ತಕದ ಮೊದಲ ಸಾಲಿನಲ್ಲೇ ಸುಳ್ಳು ಬರೆಸಿದ ಮನೆಯೂ ಇದೇ. ಬರೆದವರು ಮೇಷ್ಟ್ರು! ಹತ್ತನೇ ಕ್ಲಾಸಿನ ಗಣಿತದಲ್ಲಿ ಶಾಲೆಗೇ ಮೊದಲು ಬಂದದ್ದು ಕಣ್ಣ ಮುಂದೆ ಬಂತು. ಎಲ್ಲರಿಗಿಂತ ಒಂದು ವರ್ಷ ದೊಡ್ಡವನಾಗಿ ಮೊದಲು ಬಂದರೆ ಏನು ಮಹಾ? ಚಿಕ್ಕ ಮಕ್ಕಳ ಸಾಲಿನಲ್ಲಿ ನಿಂತು ನಾನೇ ಎತ್ತರ ಅಂದ ಹಾಗಲ್ಲವೇ?

ಇನ್ನೂ ಒಂದು ನೆನಪು ಬಂತು. ಪ್ರತಿ ವರ್ಷ ರಥಸಪ್ತಮಿಯ ದಿನ ಅಮ್ಮ ಹಾಲುಕ್ಕಿಸಿ, ಪಾಯಸ ಮಾಡಿ, ಅವನನ್ನು ಮಣೆಯ ಮೇಲೆ ಕೂರಿಸಿ ಆರತಿ ಎತ್ತುತ್ತಿದ್ದಳು. ಎಕ್ಕದ ಎಲೆ ಸಿಗದ ಈ ಊರಿನಲ್ಲೂ ಅದೊಂದನ್ನು ಬಿಟ್ಟಿರಲಿಲ್ಲ. ಯಾಕಮ್ಮಾ ಎಂದರೆ, "ಹಬ್ಬ ಅಲ್ವೇನೋ, ಸುಮ್ನೆ ಕೂತ್ಕೋ," ಅನ್ನುತ್ತಿದ್ದಳು. ಹಬ್ಬವಂತೆ! ಹತ್ತೊಂಬತ್ತು ವರ್ಷ ಅವನ ಹುಟ್ಟುಹಬ್ಬವನ್ನು ಅವನಿಗೇ ಹೇಳದೆ ಅವನಿಗೇ ಉಣಿಸಿದ್ದಳು.

ಆದರೆ ಅವನನ್ನು ಒಳಗಿನಿಂದ ಕೊರೆದದ್ದು ಸಮೀರ್. ಸಮೀರ್ ಇದೇ ಕಟ್ಟಡದ ಹನ್ನೊಂದನೇ ಮಹಡಿಯವನು, ಎಂಬತ್ತೈದರ ಡಿಸೆಂಬರಿನಲ್ಲಿ ಹುಟ್ಟಿದವನು. ಇಬ್ಬರೂ ಒಂದೇ ಬಸ್ಸಿನಲ್ಲಿ ಒಂದೇ ಗೋದಾಮಿಗೆ ಹೋಗುತ್ತಿದ್ದರು. ಹೋದ ಆಗಸ್ಟಿನಲ್ಲಿ ಕ್ಲಬ್ಬಿನ ಮೊದಲ ತಂಡದಲ್ಲಿ ಉಳಿದಿದ್ದದ್ದು ಒಬ್ಬ ಪಿಚರಿಗೆ ಜಾಗ. ಕೋಚ್ ಧೀರಜನ ಹೆಸರು ಕೂಗಿದ. ಸಮೀರ್ ಬಸ್ಸಿನಲ್ಲಿ ಅಳಲಿಲ್ಲ, ಕ್ಯಾಪನ್ನು ಮೂಗಿನವರೆಗೆ ಎಳೆದುಕೊಂಡು, "ಕೋಯೀ ಬಾತ್ ನಹೀಂ ಯಾರ್, you're just better," ಎಂದಿದ್ದ. ಜಸ್ಟ್ ಬೆಟರ್! ಎರಡು ವರ್ಷ ದೊಡ್ಡವನಾಗಿದ್ದೆ ಕಣೋ, ಎಂದು ಧೀರಜ್ ಮಲಗಿದಲ್ಲೇ ಗೋಡೆಗೆ ಹೇಳಿದ. ಅವನ ಚೆಂಡು ಕಾಣದೆ ಗಾಳಿಗೆ ಬ್ಯಾಟು ಬೀಸಿ ತಲೆ ತಗ್ಗಿಸಿಕೊಂಡು ಹೋದ ಹದಿನಾರರ ಹುಡುಗರೆಲ್ಲ ಒಬ್ಬೊಬ್ಬರಾಗಿ ಕಣ್ಣ ಮುಂದೆ ಬಂದರು. ಅವನು ಪ್ರತಿಸಲವೂ ಮುಷ್ಟಿ ಎತ್ತಿದ್ದ.

ಬುಧವಾರ ಪ್ರಾಕ್ಟೀಸಿಗೆ ಮುಂಚೆ ಅವನು ಕೋಚ್ ಡಿನಾರ್ಡೋನ ಚಿಕ್ಕ ಆಫೀಸಿಗೆ ಹೋಗಿ ಬಾಗಿಲು ಹಾಕಿಕೊಂಡ. ಹೊಟ್ಟೆ ಮುಂದೆ ಬಂದ, ಮೀಸೆಯ ಇಟಾಲಿಯನ್ ಮನುಷ್ಯ ಕೋಚ್. ಸದಾ ಸೂರ್ಯಕಾಂತಿ ಬೀಜ ಅಗಿದು ಸಿಪ್ಪೆಯನ್ನು ಕಾಫಿ ಲೋಟಕ್ಕೆ ಉಗಿಯುವವನು. ಧೀರಜ್ ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿದ. ಹೆಡ್‌ಮಾಸ್ತರು, ಜೂನ್ ಒಂದು, ತೊಟ್ಟಿಲು, ಎಲ್ಲ.

ಕೋಚ್ ಬೀಜ ಅಗಿಯುವುದನ್ನು ನಿಲ್ಲಿಸಿದ. "ಇನ್ಯಾರಿಗೆ ಹೇಳಿದ್ದೀಯ?"

"ಯಾರಿಗೂ ಇಲ್ಲ."

"ಒಳ್ಳೇದು. ನನಗೂ ಹೇಳಿಲ್ಲ ನೀನು." ಲೋಟಕ್ಕೆ ಉಗಿದ. "ಕೇಳು ಮಗಾ. ಹದಿನೇಳಕ್ಕೆ ಎಂಬತ್ತೆಂಟು ಮೈಲಿ ಅಂದ್ರೆ ನಾಳೆ ತೊಂಬತ್ತನಾಲ್ಕು. ಹತ್ತೊಂಬತ್ತಕ್ಕೆ ಎಂಬತ್ತೆಂಟು ಅಂದ್ರೆ ಎಂಬತ್ತೆಂಟೇ. ಶನಿವಾರ ಹುಡುಗರನ್ನ ಆರಿಸೋಕೆ ಮೇಜರ್ ಲೀಗಿನ ಇಬ್ಬರು ಸ್ಕೌಟುಗಳು ಬರ್ತಾರೆ, ಒಬ್ಬ ನಿನ್ನನ್ನ ನೋಡೋಕೇ ಬರ್ತಿರೋದು. ನನ್ನ ಕ್ಲಬ್ಬಿನಿಂದ ಇದುವರೆಗೂ ಒಬ್ಬನನ್ನೂ ಡ್ರಾಫ್ಟಿಗೆ ಆರಿಸಿಲ್ಲ, ಗೊತ್ತಾ? ಒಬ್ಬನನ್ನೂ."

"ಆದರೆ ಸಮೀರ್..."

"ಸಮೀರ್ ಎಂಬತ್ತೊಂದು ಎಸೀತಾನೆ. ಹೋಗು, ಕೈ ಬಿಸಿ ಮಾಡಿಕೋ."

ಹಲ್ಲು ಎಣಿಸಿ ಎತ್ತು ಕೊಳ್ಳುವವರ ನಡುವೆ ನಿಂತ ಹಾಗಾಯಿತು ಧೀರಜನಿಗೆ. ಎತ್ತಾದರೂ ಬಾಯಿ ಬಿಟ್ಟು ನಿಜವಾದ ಹಲ್ಲು ತೋರಿಸುತ್ತದೆ.

ಗುರುವಾರ ಡಾಕ್ಟರ್ ಶಿವಾನಂದರ ಫೋನು ಬಂತು. ಅಪ್ಪ ಅವರ ಮುಂದೆ ಗೋಳು ಹೇಳಿಕೊಂಡಿರಬೇಕು. ಮೂವತ್ತು ವರ್ಷ ಈ ದೇಶದ ರೋಗಿಗಳ ನಾಡಿ ಹಿಡಿದ ದನಿ ಮೆತ್ತಗಿತ್ತು. "ನೋಡು ಮರಿ, ಸತ್ಯ ಹೇಳೋದು ಒಳ್ಳೇದೇ. ಆದ್ರೆ ಯಾರಾದ್ರೂ ಕೇಳಿದ್ರೆ ತಾನೆ ಹೇಳೋದು? ಕೇಳದೇ ಇದ್ದೋರಿಗೆ ಹೇಳೋದು ಅಹಂಕಾರ. ನಾವೆಲ್ಲ ಇಲ್ಲಿ ಹೆಸರು ಮಾಡಿರೋದು ಕಷ್ಟಪಟ್ಟು. ಇಂಡಿಯನ್ಸ್ ಎಲ್ಲ ಸುಳ್ಳು ಪೇಪರ್ ತರೋರು ಅಂತ ನಾಳೆ ಬಿಳಿಯರು ಅಂದ್ರೆ ಚೆನ್ನಾಗಿರತ್ತಾ? ಕಮ್ಯುನಿಟಿ ಬಗ್ಗೆ ಯೋಚನೆ ಮಾಡು."

"ಅಂಕಲ್, ನಿಮ್ಮ ಮೇ ಮೂವತ್ತೊಂದು ನಿಜಾನಾ?"

"ನಿನ್ನ ತಂದೆಗೆ ಫೋನು ಕೊಡಪ್ಪಾ."

ಶುಕ್ರವಾರ ಇಡೀ ಫಿಸಿಕ್ಸ್ ಪುಸ್ತಕ ತೆರೆದೇ ಇತ್ತು. ಸೋಮವಾರ ಪರೀಕ್ಷೆ. ಒಂದು ಲೆಕ್ಕವನ್ನೂ ಅವನಿಂದ ಮುಗಿಸಲಾಗಲಿಲ್ಲ. ಪ್ರತಿ ಲೆಕ್ಕವೂ 'ಕೊಟ್ಟಿರುವುದು' ಎಂದು ಶುರುವಾಗುತ್ತಿತ್ತು. ಕೊಟ್ಟಿರುವುದನ್ನೇ ನಂಬಲಾಗದಿದ್ದರೆ ಉತ್ತರ ತೆಗೆಯುವುದೆಲ್ಲಿಂದ?

ಶನಿವಾರ ಬೆಳಿಗ್ಗೆ ವಾನ್‌ನ ಮೈದಾನ ಹಸಿರಾಗಿ ಹೊಳೆಯುತ್ತಿತ್ತು. ಬೇಲಿಯ ಹಿಂದೆ ಮಡಚುವ ಕುರ್ಚಿ ಹಾಕಿ ಅಪ್ಪಂದಿರು ಕಾಫಿ ಹೀರುತ್ತಿದ್ದರು. ಬಿಳಿ ಟೋಪಿಯ ಸ್ಕೌಟು ವೇಗ ಅಳೆಯುವ ರೇಡಾರ್ ಗನ್ನನ್ನು ಕರವಸ್ತ್ರದಲ್ಲಿ ಒರೆಸುತ್ತಿದ್ದ. ಗೇಟಿನ ಬಳಿ ಮೇಜು ಹಾಕಿಕೊಂಡು ಕೂತಿದ್ದ ಹೆಂಗಸು ಒಬ್ಬೊಬ್ಬರ ಕಾರ್ಡು ನೋಡಿ ಎದೆಗೆ ನಂಬರಿನ ಬಟ್ಟೆ ಕೊಡುತ್ತಿದ್ದಳು. ಪಿಚರುಗಳಿಗೆ ಹನ್ನೆರಡು ನಂಬರು. ಹದಿಮೂರನೆಯವನಾಗಿ ವೈಟಿಂಗ್ ಲಿಸ್ಟಿನಲ್ಲಿದ್ದವನು ಸಮೀರ್. ಯಾರಾದರೂ ಬಾರದಿದ್ದರೆ ಒಳಗೆ ಬಿಡುತ್ತಾರೆಂದು ಬೇಲಿಗೆ ಒರಗಿ ಕಾಯುತ್ತಿದ್ದ. ಧೀರಜನನ್ನು ಕಂಡು ಕೈ ಎತ್ತಿದ.

ಧೀರಜ್ ಮೇಜಿನ ಮುಂದೆ ನಿಂತ. ಹೆಂಗಸು ಕಾರ್ಡು ತಿರುಗಿಸಿ ನೋಡಿ, ಪಟ್ಟಿಯಲ್ಲಿ ಗೆರೆ ಎಳೆದು, ಸಹಿ ಹಾಕುವ ಹಾಳೆಯನ್ನು ಅವನ ಮುಂದೆ ಸರಿಸಿದಳು. ಮೇಲೆ ಬರೆದಿರುವ ಜನ್ಮದಿನಾಂಕ ನಿಜವೆಂದು ದೃಢೀಕರಿಸುತ್ತೇನೆ ಎಂದಿತ್ತು ಅದರಲ್ಲಿ.

"ಇದು ನಿಜ ಅಲ್ಲ," ಎಂದ ಧೀರಜ್. "ನಾನು ಹುಟ್ಟಿದ್ದು ಎಂಬತ್ತನಾಲ್ಕರ ಫೆಬ್ರವರಿಯಲ್ಲಿ. ನಾನು ಈ ತಂಡಕ್ಕೆ ಬರೋದಿಲ್ಲ."

ಹೆಂಗಸು ಕನ್ನಡಕದ ಮೇಲಿನಿಂದ ನೋಡಿದಳು. ಕಾರ್ಡನ್ನು ಮತ್ತೆ ನೋಡಿದಳು. "ಇಲ್ಲಿ ಎಂಬತ್ತೈದು ಅಂತಿದೆಯಲ್ಲ, ಹನಿ."

"ಕಾರ್ಡು ತಪ್ಪು."

"ಸರ್ಕಾರದ ಕಾರ್ಡು. ಬೇರೆ ಏನಾದರೂ ದಾಖಲೆ ಇದೆಯಾ? ಬರ್ತ್ ಸರ್ಟಿಫಿಕೇಟ್?"

"ಇಲ್ಲ. ಮನೆಯಲ್ಲಿ ಹುಟ್ಟಿದ್ದು."

"ಹಾಗಾದರೆ ನಿನಗೆ ಹೇಗೆ ಗೊತ್ತು?"

"ನಮ್ಮ ಪದ್ಮಾ ಆಂಟಿ..." ಎಂದು ಶುರುಮಾಡಿ ಧೀರಜ್ ನಿಂತುಬಿಟ್ಟ. ತೊಟ್ಟಿಲನ್ನು, ಏಳು ತಿಂಗಳ ಬಸುರನ್ನು, ರಥಸಪ್ತಮಿಯನ್ನು ಈ ಮೇಜಿನ ಮೇಲೆ ಹೇಗೆ ಇಡುವುದು? ಸುಳ್ಳಿಗೆ ಮೂರು ಸೀಲುಗಳಿದ್ದವು, ಎರಡು ಸರ್ಕಾರಗಳ ಸಹಿಯಿತ್ತು. ನಿಜಕ್ಕೆ ಒಂದು ಚೀಟಿಯೂ ಇರಲಿಲ್ಲ.

ಅಷ್ಟರಲ್ಲಿ ಕೋಚ್ ಓಡಿಬಂದ. "ಹುಡುಗನಿಗೆ ಸ್ವಲ್ಪ ಟೆನ್ಷನ್ ಮೇಡಂ. ರಾತ್ರಿ ನಿದ್ದೆ ಮಾಡಿಲ್ಲ." ಬೇಲಿಯಾಚೆಯಿಂದ ಅಪ್ಪನೂ ಬಂದರು. "Madam, card is original! You can check!" ಎಂದು ಕೈಮುಗಿಯುವ ಹಾಗೆ ನಿಂತರು.

ಹೆಂಗಸು ನಂಬರಿನ ಬಟ್ಟೆಯನ್ನು ಎತ್ತಿ ಧೀರಜನ ಕೈಗಿಟ್ಟಳು. "ನನ್ನ ಮಟ್ಟಿಗೆ ನೀನು ಎಂಬತ್ತೈದು. ಒಳಗೆ ಹೋಗು. ಹಿಂದೆ ಕ್ಯೂ ಇದೆ."

"ನೋಡಿದ್ಯಾ?" ಅಪ್ಪನ ಮುಖದಲ್ಲಿ ಬೆವರೂ ನಗುವೂ ಒಟ್ಟಿಗೇ ಹರಿದವು. "ಅವರೇ ಹೇಳ್ತಿದಾರೆ! ಇನ್ನೇನು ಬೇಕು ನಿನಗೆ? ಹೋಗು ಪುಟ್ಟಾ. ಹೋಗಿ ಎಸಿ."

ಥೂ, ಅನ್ನಿಸಿತು ಧೀರಜನಿಗೆ. ಬಾಯಿ ಬಿಟ್ಟು ಕೂಗಿದರೂ ಒಪ್ಪದ ಜನ! ಸುಳ್ಳು ಹೇಳಿದವರಾದರೂ ಹನ್ನೊಂದು ಮಂದಿ ಕೈ ಎತ್ತಿದ್ದರು. ಇಲ್ಲಿ ನಿಜ ಕೇಳಿದವರೆಲ್ಲ ಕಿವಿ ಒರೆಸಿಕೊಂಡು ಅವನನ್ನು ಮೈದಾನದೊಳಗೆ ನೂಕುತ್ತಿದ್ದಾರೆ. ಬಿಳಿ ಟೋಪಿಯವನು ಆಗಲೇ ಗನ್ನನ್ನು ಹಿಡಿದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದಾನೆ. ಪಿಚರ್ ನಿಲ್ಲುವ ಆ ಗುಡ್ಡೆಯ ಮೇಲೆ ಹೋಗಿ ನಿಂತರೆ ಸಾಕು, ಹದಿನೈದು ಚೆಂಡು ಎಸೆದರೆ ಸಾಕು. ಮೂರು ಚಳಿಗಾಲ ಬಸ್ಸಿನಲ್ಲಿ ಕುಲುಕಿದ್ದೆಲ್ಲ ಕೈಗೆ ಬಂದೀತು. ಎಸೆಯುವ ಅವನ ಎಡಗೈ ತನ್ನಷ್ಟಕ್ಕೆ ತಾನೇ ಇಲ್ಲದ ಚೆಂಡಿನ ಹೊಲಿಗೆಯನ್ನು ಹುಡುಕುತ್ತಿತ್ತು. ಅದನ್ನು ಕಂಡು ಅವನಿಗೆ ತನ್ನ ಕೈಯ ಮೇಲೂ ಸಿಟ್ಟು ಬಂತು.

ಸಹಿಯ ಹಾಳೆಯನ್ನು ಹಾಗೇ ಬಿಟ್ಟು ಅವನು ಬೇಲಿಯ ಕಡೆ ನಡೆದ. ನಂಬರಿನ ಬಟ್ಟೆಯನ್ನು ಸಮೀರನ ಎದೆಗೆ ಒತ್ತಿದ.

"ಕ್ಯಾ ಹುವಾ? ಕೈಗೆ ಪೆಟ್ಟಾಯ್ತಾ?" ಸಮೀರ್ ಕೇಳಿದ.

"ಇಲ್ಲ. ನಾನು ಎಂಬತ್ತನಾಲ್ಕು, ಸಮೀರ್. ನಿನಗಿಂತ ಸುಮಾರು ಎರಡು ವರ್ಷ ದೊಡ್ಡವನು. ಆಗಸ್ಟಿನಲ್ಲಿ ಆ ಜಾಗ ನಿಂದಾಗಬೇಕಿತ್ತು. ಹೋದ ಶನಿವಾರ ಗೊತ್ತಾಯ್ತು ನನಗೆ."

ಸಮೀರನ ಮುಖ ನಿಧಾನವಾಗಿ, ಹಾಲು ಒಡೆದಂತೆ ಒಡೆಯಿತು. "ದೋ ಸಾಲ್," ಎಂದ. "ದೋ ಸಾಲ್, ಯಾರ್. ನಮ್ಮಪ್ಪ ನಿನ್ನನ್ನ ತೋರಿಸಿ ತೋರಿಸಿ ನನಗೆ ಬೈತಿದ್ರು. ಅವನನ್ನ ನೋಡು, ಓದ್ತಾನೂ ಓದ್ತಾನೆ, ಆಡ್ತಾನೂ ಆಡ್ತಾನೆ, ನಿನ್ನ ವಯಸ್ಸೇ ಅಲ್ವಾ ಅಂತ. Same age, they said."

"ಗೊತ್ತು."

"You don't know shit." ಸಮೀರ್ ಬಟ್ಟೆಯನ್ನು ನೆಲಕ್ಕೆ ಎಸೆದ. "ನಿನ್ನ ಭಿಕ್ಷೆ ಬೇಡ ನನಗೆ."

ಎಸೆದ ಬಟ್ಟೆ ಹುಲ್ಲಿನ ಮೇಲೆ ಬಿತ್ತು. ಮೇಜಿನ ಹೆಂಗಸು, "ಹದಿಮೂರನೆಯವರು ಯಾರು? ಬರೋದಾದರೆ ಈಗ ಬನ್ನಿ!" ಎಂದು ಕೂಗಿದಳು. ಸಮೀರ್ ಬಗ್ಗಿ ಅದನ್ನು ಎತ್ತಿಕೊಂಡ. ಎತ್ತಿಕೊಳ್ಳದೆ ಏನು ಮಾಡಿಯಾನು? ಅವನಿಗೂ ಮೂರು ಚಳಿಗಾಲವಾಗಿತ್ತು. ಧೀರಜನ ಮುಖ ನೋಡದೆ ಗೇಟಿನೊಳಗೆ ಹೋದ. ಅವನು ಮೊದಲ ಚೆಂಡು ಎಸೆದಾಗ ಬಿಳಿ ಟೋಪಿಯವನು ಗನ್ನು ನೋಡಿ, ಏನೂ ಬರೆದುಕೊಳ್ಳದೆ, ಪಕ್ಕದವನ ಹತ್ತಿರ ಬೇರೇನೋ ಮಾತಾಡತೊಡಗಿದ. ಕೋಚ್ ಡಿನಾರ್ಡೋ ಧೀರಜನ ಪಕ್ಕದಲ್ಲೇ ದಾಟಿ ಹೋದ. ಬೈಯಲೂ ಇಲ್ಲ. ಬೀಜದ ಸಿಪ್ಪೆಯನ್ನು ನೆಲಕ್ಕೆ ಉಗಿದ, ಅಷ್ಟೆ.

ಕಾರು ಹೈವೇ ಹತ್ತುವವರೆಗೂ ವೇಣುಗೋಪಾಲ ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದು ನೆಟ್ಟಗೆ ನೋಡುತ್ತಿದ್ದರು. ಒಮ್ಮೆ ಮೂಗು ಎಳೆದರು. ಅಳುತ್ತಿದ್ದಾರೇನೋ ಎಂದು ಧೀರಜನಿಗೆ ಅನುಮಾನ ಬಂತು, ತಿರುಗಿ ನೋಡಲಿಲ್ಲ.

"ಕಾಲೇಜಿನೋರಿಗೆ ಏನು ಹೇಳ್ತೀಯ?"

"ಇದ್ದದ್ದು ಬರೀತೀನಿ. ಬೇಕಾದ್ರೆ ತಗೊಳ್ಳಲಿ. ಇಲ್ದಿದ್ರೆ ಇಲ್ಲೇ ಎಲ್ಲಾದ್ರೂ ಓದ್ತೀನಿ, ದೊಡ್ಡೋರ ಲೀಗಲ್ಲಿ ಆಡ್ತೀನಿ. ಅಲ್ಲಿ ಇಪ್ಪತ್ತೊಂದರವರೆಗೂ ಆಡಬಹುದು."

"ಅಲ್ಲಿ ನಿನ್ನ ಚೆಂಡು ಚಚ್ಚಿ ಹಾಕ್ತಾರೆ ಕಣೋ."

"ಹಾಕಲಿ."

ಲಾರಿಯೊಂದು ಪಕ್ಕದಲ್ಲಿ ಹಾದುಹೋಯಿತು. ಅದರ ಸದ್ದು ಕಳೆದ ಮೇಲೆ ವೇಣುಗೋಪಾಲ ಮತ್ತೆ ಬಾಯಿ ತೆರೆದರು. ಕಾರ್ಖಾನೆಯ ಗತ್ತು, ಫೋನಿನ ಹೆಮ್ಮೆ ಯಾವುದೂ ಆ ದನಿಯಲ್ಲಿರಲಿಲ್ಲ. "ಸೆಲೆಕ್ಟ್ ಆಗ್ತಾನೆ ಅಂತ ಅಮ್ಮ ಕಾಯ್ತಿರ್ತಾಳೆ. ಅವಳಿಗೆ ಏನಂತ ಹೇಳಲೋ?"

"ನೀವೇನೂ ಹೇಳಬೇಡಿ," ಎಂದ ಧೀರಜ್. ಬ್ಯಾಗಿನಿಂದ ಫಿಸಿಕ್ಸ್ ಪುಸ್ತಕ ತೆಗೆದು ತೊಡೆಯ ಮೇಲಿಟ್ಟುಕೊಂಡ. "ನಾನು ಹುಟ್ಟಿದ್ದು ಯಾವತ್ತು ಅಂತ ಅಮ್ಮನಿಗೆ ಗೊತ್ತಿದೆ."